ಚಾಲೂ ಆಗದ ಕಾರು, ಕೆಳಗಿಳಿಯದ ಅವ್ವ

ಅವತ್ತು ಮುಂಜಾನೆ ಹನ್ನೊಂದರ ಸುಮಾರಿಗೆ ಅವ್ವ ಹೋಗಿ ಕಾರಿನ ಹಿಂದಿನ ಸೀಟಿನ್ಯಾಗ ಕುಂತ್ಲು. ಕಾರು ಇನ್ನೂ ತಗಡಿನ ಶೆಡ್ಡಿನೊಳಗ ಇತ್ತು. ಅದಕ್ಕ ಬ್ಯಾಟರಿ ಹಾಕಿದ್ದಿಲ್ಲ, ಮ್ಯಾಲ ಮೂರು ತಿಂಗಳ ಧೂಳು ಕುಂತಿತ್ತು. ಮೊದಲ ಚಾಲೂ ಆಗ್ಲಿ, ಆಮ್ಯಾಲ ಕುಂಡರಂತಿ ಅಂತ ನಾ ಹೇಳಿದ್ರ ಕೇಳಬೇಕಲ್ಲ. ಇಳಕಲ್ ಸೀರಿ ಉಟ್ಟು, ಸೆರಗು ತಲಿ ತುಂಬ ಹೊತ್ತು, ಉಡಿಯಾಗ ಒಂದು ಸಣ್ಣ ಗಂಟು ಇಟಗೊಂಡು, ಮಾರಿ ಮುಂದ ಮಾಡಿ ಕುಂತುಬಿಟ್ಲು. ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದ್ರಂತ, ಹಂಗ.

ಎಂಬತ್ತರ ದಶಕ ಮುಗೀತಾ ಬಂದಿತ್ತು ಆವಾಗ. ನನಗ ಇಪ್ಪತ್ತೆರಡು. ಐಗಳಿ ಹಾದಿಗೆ, ಊರ ಬಿಟ್ಟು ಎರಡು ಮೈಲಿ ದೂರ ನಮ್ಮ ತೋಟದ ಮನಿ. ಅಲ್ಲಿಂದ ಅಥಣಿ ದಾಟಿ ಕಾಗವಾಡದ ಹತ್ರ ಒಂದು ಹಳ್ಳಿಗೆ ನಾವು ಹೋಗಬೇಕಾಗಿತ್ತು, ಅದೂ ಹೊತ್ತು ಮುಳಗೂದ್ರೊಳಗ. ಆ ಹಳ್ಳಿ ಬಸದಿಯ ಬಾಜೂಕಿನ ಖೋಲಿಯೊಳಗ ನಮ್ಮ ದೊಡ್ಡವ್ವ, ಅಂದ್ರ ಅವ್ವನ ಸ್ವಂತ ಅಕ್ಕ, ಸಲ್ಲೇಖನಾ ತಗೊಂಡು ಚಾಪಿ ಮ್ಯಾಲ ಮಲಗಿದ್ಲು. ಮೊದಲ ಅನ್ನ ಬಿಟ್ಟಿದ್ಲು, ಆಮ್ಯಾಲ ಹಾಲು, ಆಮ್ಯಾಲ ಮಜ್ಜಗಿ. ದಿನಕ್ಕ ಒಂದು ಸಲ ಬೊಗಸಿ ನೀರು ಕುಡೀತಿದ್ಲು. ಅವತ್ತು ಮುಂಜಾನೆ ಐಗಳಿ ಕಡೆ ಹೋಗೂ ಬಸ್ಸಿನ ಕಂಡಕ್ಟರ್ ನಮ್ಮ ತೋಟದ ಮುಂದ ಗಾಡಿ ನಿಂದ್ರಿಸಿ ಸುದ್ದಿ ಒಗದು ಹೋಗಿದ್ದ. ನೀರೂ ಬಿಟ್ಟಾರಂತ, ಹೊತ್ತು ಮುಳಗಿದ ಕೂಡ್ಲೆ ಮೌನ ತಗೋತಾರಂತ. ಮೌನ ತಗೊಂಡ್ರ ಮುಗೀತು. ಜೀವ ಇರೂತನಾ ಯಾರ ಜೋಡೀನೂ ಒಂದ ಮಾತಿಲ್ಲ.

ಅವ್ವ ದೊಡ್ಡವ್ವ ಮಾತು ಬಿಟ್ಟು ಹದಿಮೂರು ವರ್ಷ ಆಗಿತ್ತು. ಅದಕ್ಕ ಕಾರಣ ನಾನು. ನಾ ಒಂಬತ್ತು ವರ್ಷದಾಕಿ ಇದ್ದಾಗ ನಾಯಿಕೆಮ್ಮು ಬಂದು, ಕೆಮ್ಮಿ ಕೆಮ್ಮಿ ಕಣ್ಣು ಮ್ಯಾಲ ಮಾಡ್ತಿದ್ನಂತ. ಕುಡಚಿಯ ಒಬ್ಬ ಹಕೀಮ ಜೇನಿನ್ಯಾಗ ತೇದು ಔಷಧಿ ಕೊಟ್ಟ. ಜೈನರ ಮನ್ಯಾಗ ಜೇನಂದ್ರ ಏನು ಹೇಳೂದು. ಹುಳದ ಹಟ್ಟಿ ಹಿಂಡಿ ತಗದದ್ದು, ನಮ್ಮ ಮಂದಿ ಮುಟ್ಟಂಗಿಲ್ಲ. ಅವ್ವ ಬಾಗಲಾ ಹಾಕ್ಕೊಂಡು ಏಳು ದಿನ ನನಗ ನೆಕ್ಕಿಸಿದ್ಲು. ನಾ ಉಳದ್ನಿ. ಮುಂದ ಒಂದು ಪೂಜಾದಾಗ ಎಲ್ಲಾರೂ ಊಟಕ್ಕ ಕುಂತಾಗ ಅವ್ವ ನೀರ ನೀಡಾಕ ಬಂದ್ಲು. ದೊಡ್ಡವ್ವ ಎಲಿ ಮುಂದಿನ ಲೋಟಾ ಬೋರಲ ಹಾಕಿ, ಜೇನ ತಿನಿಸಿದ ಕೈಯಾಗಿನ ನೀರ ನನಗ ಬ್ಯಾಡ ಅಂದ್ಲಂತ. ಪಂಗ್ತಿಯೊಳಗ ನೂರು ಮಂದಿ. ಅವ್ವ ತಂಬಿಗಿ ಅಲ್ಲೇ ಇಟ್ಟು ಎದ್ದು ಬಂದಾಕಿ, ಮತ್ತ ಅಕ್ಕನ ಹೊಸ್ತಿಲಾ ತುಳೀಲಿಲ್ಲ.

ಎರಡು ದಿನದ ಹಿಂದ ದೊಡ್ಡವ್ವನ ಮಗ ಖುದ್ದ ಬಂದಿದ್ದ. ಚಿಗವ್ವಾ ಬರ್ರಿ, ಇನ್ನ ನೀರೊಂದ ಉಳದೈತಿ ಅಂತ ಕೈ ಮುಗದು ಹೇಳಿದ. ಅವ್ವ ಅಂವಗ ಊಟಾ ಹಾಕಿದ್ಲು, ಹಪ್ಪಳಾ ಕರದು ಹಾಕಿದ್ಲು, ಆದ್ರ ಹೂಂ ಅನ್ನಲಿಲ್ಲ. ಅಕಿ ಬಾಯಿಲೆ ಕರೀಲಿ ಅಂದ್ಲು. ಅಂವ ಹ್ವಾದ ಮ್ಯಾಲ ಎರಡು ದಿನ ಮನ್ಯಾಗ ಕುಂತಲ್ಲಿ ಕುಂಡರಲಿಲ್ಲ, ನಿಂತಲ್ಲಿ ನಿಂದ್ರಲಿಲ್ಲ. ತಿಕ್ಕಿದ ಭಾಂಡೇನ ಮತ್ತ ತಿಕ್ಕಿದ್ಲು. ಕಂಡಕ್ಟರ್ ಹೇಳಿದ್ದು ಕೇಳಿದ್ದ ತಡ, ಒಲಿ ಮ್ಯಾಲಿನ ಪಲ್ಯಾ ಹಂಗ ಬಿಟ್ಟು ಸೀರಿ ಉಟ್ಲು. ಉಡೂ ಮುಂದ ನನಗ ಹೇಳಿದ್ಲು, ಸಲ್ಲೇಖನಾ ತಗೊಂಡವರು ಎಲ್ಲಾರ ಹತ್ರ ಕ್ಷಮಾ ಕೇಳಬೇಕು, ಅಕಿ ನನ್ನ ಹತ್ರಾನೂ ಕೇಳಬೇಕಾಗತೈತಿ, ನಾ ಇಲ್ಲಂದ್ರ ಅಕಿ ವ್ರತ ಅರ್ಧ ಉಳೀತೈತಿ ಅಂತ. ಕೊಡಾಕ ಹೊಂಟಾಕಿ ನಮ್ಮವ್ವ, ಕೇಳಾಕಲ್ಲ.

ಹನ್ನೆರಡೂವರಿಗೆ ಅದ ಬಸ್ಸು ಹೊಳ್ಳಿ ಅಥಣಿಗೆ ಹೋಗೂದಿತ್ತು. ಅದಕ್ಕ ಹತ್ತಿದ್ರ ಮೂರೂವರಿ ನಾಕಕ್ಕ ಮುಟ್ಟತಿದ್ವಿ. ನಾನ ಬ್ಯಾಡಂದ್ನಿ. ಬಸ್ಸ ಯಾಕ, ಕಾರಿನ್ಯಾಗ ಒಂದಕ್ಕ ಹೊಂಟ್ರ ಮೂರಕ್ಕ ಬಸದಿ ಮುಂದ ಇಳಸ್ತೀನಿ ಅಂದ್ನಿ. ಈ ಮಾತು ನನ್ನ ಬಾಯಿಂದ ಬಂದದ್ದು ಇವತ್ತಿಗೂ ನನಗ ಚುಚ್ಚತೈತಿ.

ಕಾರು ಅಪ್ಪನದು. ಸಾಂಗ್ಲಿಯ ಒಬ್ರ ಕಡಿಂದ ಮೂರನೇ ಕೈಯಾಗಿ ತಂದ ಬೂದಿ ಬಣ್ಣದ ಹಳೇ ಗಾಡಿ. ಗಂಡಮಕ್ಕಳಿಲ್ಲದ ಮನಿ, ಅದಕ್ಕ ಅಪ್ಪ ನನಗ ಹೊಡಿಯೂದು ಕಲಿಸಿದ್ದ. ಹಾದಿಯೊಳಗ ಮಂದಿ ನಿಂತು ನೋಡ್ತಿದ್ರು, ನಾ ಹಾರ್ನ್ ಹೊಡದು ಹೋಗ್ತಿದ್ನಿ. ಆದ್ರ ಅಪ್ಪಗ ಕಣ್ಣಾಗ ಪರಿ ಬಂದು, ಮೂರು ತಿಂಗಳಿಂದ ಗಾಡಿ ಶೆಡ್ಡ ಬಿಟ್ಟು ಹೊರಗ ಬಂದಿದ್ದಿಲ್ಲ. ಎಂಟ ದಿನದ ಹಿಂದ ಮಿರಜದಾಗ ಒಂದು ಕಣ್ಣಿನ ಆಪರೇಷನ್ ಆಗಿತ್ತು. ಬಗ್ಗಬಾರದು, ಒಜ್ಜಿ ಎತ್ತಬಾರದು, ಧೂಳಾಗ ಹೋಗಬಾರದು. ಒಂದು ಕಣ್ಣಿಗೆ ಹಸರ ಅರಿವಿ, ಇನ್ನೊಂದು ಕಣ್ಣಾಗ ಬರೇ ಮಂಜು. ಹಂಗಾಗಿ ಅಪ್ಪ ಶೆಡ್ಡಿನ ಮುಂದ ಹೊರಸು ಹಾಕಿಸ್ಕೊಂಡು ಕುಂತ. ಕಣ್ಣು ಇಲ್ಲದಿದ್ರೂ ಕಿವಿ ಅದಾವಲ್ಲ, ನೀ ಸೆಲ್ಫ್ ಹೊಡಿ, ನಾ ಹೇಳ್ತೀನಿ ಅಂದ.

ನಮ್ಮ ಬ್ಯಾಟರಿ ಸತ್ತು ತಣ್ಣಗಾಗಿತ್ತು. ಪಕ್ಕದ ತೋಟದವರ ಟ್ರ್ಯಾಕ್ಟರ್ ಒಂದು ಗಾಲಿ ಬಿಚ್ಚಿ ಇಟ್ಟಂಗಿಯ ಮ್ಯಾಲ ನಿಂತಿತ್ತು. ಪಂಚರ್ ಆದ ಟೈರು ತಗೊಂಡು ಆ ಮನಿ ಕಾಕಾ ಮೋಟರ್‌ಸೈಕಲ್ ಮ್ಯಾಲ ಅಥಣಿಗೆ ಹೋಗಿದ್ರು. ಅವರ ಮನಿ ಕಾಕೂನ ಕೇಳಿ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ, ಗೊಬ್ಬರ ಹೊರೂ ಬುಟ್ಟ್ಯಾಗಿಟ್ಟು ತಲಿ ಮ್ಯಾಲ ಹೊತ್ತಗೊಂಡು ಬಂದ್ನಿ. ವಯರ್ ಹಚ್ಚಿದ್ನಿ. ಕೀಲಿ ತಿರುವಿದ ಕೂಡ್ಲೆ ಇಂಜಿನ್ ಗರ್ ಗರ್ ಗರ್ ಅಂತ ಚೊಲೋ ಜೋರಿಲೆ ತಿರಗಿತು. ನನಗ ಆದ ಖುಷಿಗೆ ಪಾರಿಲ್ಲ. ತಿರಗಿತು ಖರೆ, ಹತ್ತಿಕೊಳ್ಳಲಿಲ್ಲ. ಮತ್ತ ಹೊಡದ್ನಿ. ಗರ್ ಗರ್ ಗರ್. ಒಂದು ಸಲ ಫಕ್ ಅಂತ ಕೆಮ್ಮಿತು, ಸುಮ್ಮನಾತು.

ಹಿಂದಿನ ಸೀಟಿನಿಂದ ಅವ್ವ ಕೇಳಿದ್ಲು, ಹೊಂಟ್ವೇನು ಅಂತ. ಹೊಂಟ್ವಿ, ಇನ್ನೇನ ಹೊಂಟ್ವಿ ಅಂದ್ನಿ.

ಅಪ್ಪ ಅಂದ, ಬ್ಯಾಟರಿ ಚೊಲೋ ಐತಿ, ತಿರಗೂ ಸಪ್ಪಳಾ ಚೊಲೋ ಐತಿ. ಅಂದ ಮ್ಯಾಲ ಮೂರ ಕಾರಣ. ಬೆಂಕಿ ಇಲ್ಲ, ಇಲ್ಲಾ ಪೆಟ್ರೋಲ್ ಇಲ್ಲ, ಇಲ್ಲಾ ಗಾಳಿ ಇಲ್ಲ. ಮೊದಲ ಬೆಂಕಿ ನೋಡು. ನಾ ಪೆಟ್ರೋಲ್ ನೋಡೂಣು ಅಂದ್ನಿ, ಮೂರ ತಿಂಗಳ ಹಳೇದು, ಕೆಟ್ಟಿರಬೇಕು ಅಂತ. ಬೆಂಕಿ ಅಂತಾನ ಅಂವ, ಪೆಟ್ರೋಲ್ ಅಂತೀನಿ ನಾ. ಎತ್ತು ಏರಿಗೆ ಎಳೀತು, ಕ್ವಾಣ ನೀರಿಗೆ ಎಳೀತು. ಕಡೀಕ ಅಪ್ಪಂದ ನಡೀತು. ಒಂದು ಪ್ಲಗ್ಗು ಬಿಚ್ಚಿ, ವಯರಿಗೆ ಹಚ್ಚಿ, ಇಂಜಿನ್ನಿನ ಮೈಗೆ ತಾಗಿಸಿ ಹಿಡದು, ಸೆಲ್ಫ್ ಹೊಡಿಯಾಕ ಯಾರರೆ ಬೇಕಲ್ಲ. ಅವ್ವ ಇಳಿಯವಲ್ಲಳು. ಅಪ್ಪ ಹೊರಸಿನಿಂದ ಎದ್ದು, ಕೈಲೆ ಬಾಗಲಾ ಹುಡಿಕ್ಯಾಡಿ ಒಳಗ ಕುಂತು ಕೀಲಿ ತಿರುವಿದ. ನೀಲಿ ಕಿಡಿ ಟಿಕ್ ಟಿಕ್ ಅಂತ ಹಾರಿತು. ನನ್ನ ಕೈಗೂ ಒಂದು ಹೊಡೀತು, ಮೊಣಕೈತನಾ ಝುಂ ಅಂತು. ಬೆಂಕಿ ಐತಿ ಅಂತ ನಾ ಒದರಿದ್ದು ರಸ್ತಾದ ಮ್ಯಾಲಿನ ಮಂದಿಗೂ ಕೇಳಿಸಿರಬೇಕು.

ಆವಾಗ ಬಸ್ಸಿನ ಹಾರ್ನ್ ಕೇಳಿಸ್ತು. ಹನ್ನೆರಡೂವರಿ. ಅವ್ವ ಮೊದಲನೇ ಸಲ ಬಾಗಲಾ ತಗದು ಒಂದು ಕಾಲ ಕೆಳಗಿಟ್ಟಿದ್ಲು. ಓಡಿದ್ರ ಸಿಗತಿತ್ತು. ನನ್ನ ಕೈಯಾಗ ಪ್ಲಗ್ಗು, ಮುಂಗೈತನಾ ಎಣ್ಣಿ. ಕುಂಡರಬೇ, ಹತ್ತ ನಿಮಿಷದಾಗ ಚಾಲೂ ಆಗತೈತಿ ಅಂದ್ನಿ. ಅಕಿ ನನ್ನ ಮಾತು ನಂಬಿ ಕಾಲು ಒಳಗ ತಗೊಂಡ್ಲು. ಬಸ್ಸು ಹೊಗಿ ಬಿಟ್ಕೋತ ಹೋತು. ಮುಂದಿನದು ಐದಕ್ಕ, ಅದನ್ನ ಹಿಡದ್ರ ಕಾಗವಾಡ ಮುಟ್ಟೂದ್ರಾಗ ಕತ್ತಲಿ.

ಪೆಟ್ರೋಲ್ ನೋಡಿದ್ವಿ. ಕಾರ್ಬೋರೇಟರಿಗೆ ಬರೂ ಪೈಪ್ ಬಿಚ್ಚಿ, ಪಂಪಿನ ಸಣ್ಣ ಹಿಡಿಕಿ ಒತ್ತಿದ್ರ ಪುಳ್ಳ್ ಅಂತ ಚಿಮ್ಮಿತು. ನಾ ಮೂಸಿ ನೋಡಿದ್ನಿ, ವಾಸನಿ ಸ್ವಲ್ಪ ಹಳೇದಿತ್ತು, ಆದ್ರೂ ಪೆಟ್ರೋಲ್ ಪೆಟ್ರೋಲ. ಪ್ಲಗ್ಗು ನಾಕೂ ಬಿಚ್ಚಿದ್ರ ತೊಯ್ದು ತೊಪ್ಪೆ ಆಗಿದ್ವು. ಕುಡದು ಹೆಚ್ಚಾಗೈತಿ, ಒಲಿಯಾಗ ಕಾಸಿ ಒಣಗಿಸು ಅಂತ ಅಪ್ಪ ಹೇಳಿದ. ನಾ ಅಡಗಿಮನಿಗೆ ಓಡಿದ್ನಿ. ಹಿಂದಿಂದ ಅವ್ವನ ದನಿ ಬಂತು. ಒಲಿ ಹಚ್ಚೂ ಮುಂದ ಕಟಿಗಿ ಝಾಡಿಸು, ಮಳಿಗಾಲ, ಇರಬಿ ಹೊಕ್ಕಿರ್ತಾವ ಅಂತ. ಅಕ್ಕ ಅಲ್ಲಿ ಹೊಂಟಾಳ, ಇಕಿಗಿ ಇರಬಿ ಚಿಂತಿ. ಸಿಟ್ಟು ನೆತ್ತಿಗೇರಿತು. ಆದ್ರೂ ಝಾಡಿಸಿದ್ನಿ, ಹುಟ್ಟಿದಾಗಿಂದ ಬಂದ ಚಟಾ ಎಲ್ಲಿ ಬಿಡತೈತಿ. ಇರಬಿ ಇದ್ವು, ಮತ್ತ.

ಪ್ಲಗ್ಗು ಕಾಸಿ, ಸೆರಗಿನ್ಯಾಗ ಹಿಡದು, ಕೈ ಸುಟಗೊಂಡು ಹಾಕಿದ್ನಿ. ಗರ್ ಗರ್ ಗರ್. ಇಲ್ಲ. ಗಾಳಿ ಹೋಗೂ ಜಾಳಗಿ ತಗದು ಝಾಡಿಸಿದ್ನಿ, ಅದನ್ನ ತಗದಿಟ್ಟು ಸೆಲ್ಫ್ ಹೊಡದ್ನಿ. ಇಲ್ಲ. ಕಡ್ಡಿಪೆಟ್ಟಿಗಿಯ ಮದ್ದು ಹಚ್ಚಿದ ಬಾಜೂಲೆ ಕಿಡಿ ಕೊಡೂ ಪಾಯಿಂಟ್ ತಿಕ್ಕಿದ್ನಿ. ಇಲ್ಲ. ಪ್ರತಿ ಸಲಾನೂ ಮೊದಲ ಒಂದು ಕೆಮ್ಮು, ಆಮ್ಯಾಲ ಗಂಟಲಾ ಹಿಚಕಿದಂಗ ಸುಮ್ಮ. ಒಂದು ಸಲಾನರೆ ಕೆಮ್ಮದ ಇದ್ರ ಆಶಾ ಬಿಟ್ಟು ಬಿಡತಿದ್ನೇನೋ. ಆ ಒಂದು ಕೆಮ್ಮು ನನ್ನ ಕೊಂದು ಹಾಕ್ತು.

ಎರಡಕ್ಕ ಕಳೀ ತಗಿಯೂ ಹೆಣ್ಮಕ್ಕಳು ಊಟಾ ಮುಗಿಸಿ ಹೊಂಟಿದ್ರು. ಐದಾರು ಮಂದಿನ ಕರದ್ನಿ, ದಬ್ಬರೆವಾ ಅಂತ. ಸೆರಗು ಸಿಕ್ಕಿಸ್ಕೊಂಡು ಬಂದ್ರು. ಅವ್ವ ಇಳೀಬೇಕಿಲ್ಲೊ. ಇಳೀಲಿಲ್ಲ. ಇಳದ್ರ ಇವತ್ತಿನ ಹೋಗೂದು ರದ್ದಾಗತೈತಿ ಅನ್ನೂ ಭೂತ ಅಕಿ ತಲ್ಯಾಗ ಹೊಕ್ಕಿತ್ತು ಕಾಣತೈತಿ. ಅವ್ವನ್ನ ಕೂಡಿಸ್ಕೊಂಡ ಶೆಡ್ಡಿನಿಂದ ಹೊರಗ, ಅಂಗಳದಾಗ, ಇಳಜಾರಿಗೆ ದಬ್ಬಿದ್ರು. ಎರಿಮಣ್ಣು ಗಾಲಿಗೆ ಮೆತ್ತಿ ರೊಟ್ಟಿ ಹಿಟ್ಟಾಗಿತ್ತು. ಗೇರ್ ಹಾಕಿ ಕ್ಲಚ್ ಬಿಟ್ರ ಗಾಡಿ ಜಗ್ಗಿ ನಿಂತು ಬಿಡತಿತ್ತು. ಹಿಂದ ದಬ್ಬೂ ಒಬ್ಬಾಕಿ ಅಂದ್ಲು, ಅತ್ತಿ ಮನಿ ಒಲ್ಲೆ ಅನ್ನೂ ಹೊಸಾ ಮದಲಗಿತ್ತಿ ಆಗೈತಲ್ಲಬೇ ಇದು, ಒಂದ ಹೆಜ್ಜಿ ಇಡವಲ್ದು ಅಂತ. ಎಲ್ಲಾರೂ ನಕ್ರು. ನಗೂ ವ್ಯಾಳ್ಯಾ ಅಲ್ಲ ಅದು, ಆದ್ರೂ ನನಗೂ ನಗು ಬಂತು, ನಗೂದ್ರಾಗ ಕಣ್ಣಾಗ ನೀರ ಬಂದ್ವು. ಮೂರು ಸಲ ದಬ್ಬಿ, ಸೋತು, ಅವರು ಹೊಲಕ್ಕ ಹ್ವಾದ್ರು.

ಮೂರಾತು. ಮೂರೂವರಿ ಆತು. ನನಗ ಕುಂಡರಾಕ ಆಗವಲ್ದು, ನಿಂದ್ರಾಕ ಆಗವಲ್ದು. ರಸ್ತಾಕ್ಕ ಓಡಿ ಹೋಗಿ ನಿಂದ್ರೂದು, ಯಾವುದರೆ ಗಾಡಿ ಬಂತೇನು ನೋಡೂದು, ಹೊಳ್ಳಿ ಬಂದು ಬಿಚ್ಚಿದ್ದ ಬಿಚ್ಚೂದು. ಬಂದದ್ದು ಒಂದು ಎತ್ತಿನ ಗಾಡಿ, ಒಂದು ಕುರಿ ಹಿಂಡು. ನಟ್ಟು ಬಿಚ್ಚೂ ಒಂದು ಪಾನಾ ಕೈಜಾರಿ ಇಂಜಿನ್ನಿನ ಸಂದ್ಯಾಗ ಬಿತ್ತು, ಅದನ್ನ ತಗಿಯೂದ್ರಾಗ ಮೊಣಕೈ ಕಿತ್ತಗೊಂಡ್ನಿ. ಅವ್ವ ಹೊತ್ತು ನೋಡ್ತಾಳ, ನನ್ನ ನೋಡ್ತಾಳ. ಏನೂ ಅನ್ನಂಗಿಲ್ಲ. ಬೈದಿದ್ರ ಚೊಲೋ ಇತ್ತು. ಬಸ್ಸಿನ ಮಾತು ಎತ್ತಿದ್ರ ನಾನೂ ಎರಡ ಮಾತು ಅಂದು ಹಗರ ಆಗತಿದ್ನಿ.

ಅಪ್ಪ ಹೊರಸಿನ ಮ್ಯಾಲ ಕಣ್ಣು ಮುಚ್ಚಿ, ಅಂದ್ರ ಇದ್ದ ಒಂದು ಕಣ್ಣೂ ಮುಚ್ಚಿ ಕುಂತಿದ್ದ. ಮತ್ತೊಂದು ಸಲ ಹೊಡಿ ಅಂದ. ಹೊಡದ್ನಿ. ಮತ್ತ ಹೊಡಿ ಅಂದ. ಬ್ಯಾಟರಿ ಇಳಿಯಾಕತ್ತೈತಿ ಅಂತ ನಾ ಚೀರಿದ್ನಿ. ಅಂವ ಸಾವಕಾಶ ಅಂದ:

"ಬೆಂಕಿ ಐತಿ, ಪೆಟ್ರೋಲ್ ಐತಿ, ಗಾಳಿ ಐತಿ. ಒಳಗ ಹ್ವಾದದ್ದು ಹೊರಗ ಬರಬೇಕಲ್ಲ ಮಗಳ? ಹಿಂದಿನ ಪೈಪಿನ ಸಪ್ಪಳಾನ ಇಲ್ಲ ಇದರಾಗ. ಇದು ಉಸರ ತಗೋತೈತಿ, ಬಿಡವಲ್ದು. ಸೈಲೆನ್ಸರಿಗೆ ಕೈ ಹಿಡದು ನೋಡು."

ನಾ ಹಿಂದ ಹೋಗಾಕ ಹೊಂಟಿದ್ನಿ. ಅವ್ವ ತಾನ ಬಾಗಲಾ ತಗದ್ಲು. ಹನ್ನೊಂದರಿಂದ ಇಳೀದಾಕಿ ಇಳದ್ಲು. ಇಳದು, ಗಂಟು ಎದಿಗೆ ಹಿಡಕೊಂಡು, ನೆಲಾ ನೋಡ್ಕೋತ ಅಂದ್ಲು:

"ಅಲ್ಲಿ ನಾ ಒಂದು ಅರಿವಿ ತುರಕೀನಿ."

ನನಗ ಮೊದಲ ಅರ್ಥಾನ ಆಗಲಿಲ್ಲ. ಆಮ್ಯಾಲ ಬಿಡಿಸಿ ಹೇಳಿದ್ಲು. ಮಿರಗದ ಮಳಿ ಹತ್ತಿದಾಗ ಹುಳಾ ಹುಪ್ಪಡಿ, ಹಲ್ಲಿ, ಕಪ್ಪಿ ಬೆಚ್ಚಗ ಜಾಗಾ ಹುಡಿಕ್ಕೊಂಡು ಆ ಪೈಪಿನ್ಯಾಗ ಹೊಗತಾವ, ಮುಂದ ಗಾಡಿ ಚಾಲೂ ಮಾಡಿದ್ರ ಒಳಗ ಬೆಂದು ಸಾಯತಾವ ಅಂತ, ನೀರ ಸೋಸೂ ಹಳೇ ಅರಿವಿ ನಾಕ ಮಡಿಕಿ ಮಾಡಿ, ಒಂದು ಬಡಿಗಿಲೆ ಜಡದು ತುಂಬಿದ್ಲಂತ. ನಮ್ಮ ಮನಿಯೊಳಗ ನಳಕ್ಕ ಅರಿವಿ, ಕೊಡದ ಬಾಯಿಗೆ ಅರಿವಿ, ಹಿಟ್ಟಿನ ಡಬ್ಬಿಗೆ ಅರಿವಿ. ಅಕಿ ಲೆಕ್ಕದಾಗ ಇದೂ ಒಂದು ಬಾಯಿ. ಮುಂಜಾನಿಂದ ಯಾಕ ಹೇಳಲಿಲ್ಲ ಅಂದ್ರ, ಮರತಿದ್ನಿ ಅಂದ್ಲು. ನೆನಪಾದ ಮ್ಯಾಲೂ, ಇಂಜಿನ್ ಮುಂದ ಐತಿ, ಅರಿವಿ ಹಿಂದ ಐತಿ, ಅದಕ್ಕೂ ಇದಕ್ಕೂ ಏನ ಸಂಬಂಧ ಅಂತ ಸುಮ್ಮನಿದ್ಲಂತ.

ಅಂಗೈಯಾಗ ಬೆಣ್ಣಿ ಇಟಗೊಂಡು ತುಪ್ಪಕ್ಕ ಊರೆಲ್ಲಾ ತಿರಗಿದಂಗ ಆಗಿತ್ತು. ಐದು ತಾಸು ನಾ ಕೈ ಸುಟಗೊಂಡು, ಚರ್ಮಾ ಕಿತ್ತಗೊಂಡು, ಬಸ್ಸು ಬಿಟ್ಟು, ಈ ಹೆಣ್ಮಗಳು ಅರಿವಿ ತುರಕಿದ ಗಾಡಿಯೊಳಗ ತಾನ ಕುಂತಾಳ. ನನ್ನ ಸಿಟ್ಟಿಗೆ ತಳಾ ಇಲ್ಲ, ನನಗ ಗೊತ್ತೈತಿ. ಅವತ್ತು ಮಾತ್ರ ಬಾಯಿಗೆ ಬಂದದ್ದೆಲ್ಲಾ ಬಂತು.

"ನಿನ್ನ ದಯಾ ಧರ್ಮಕ್ಕ ಬೆಂಕಿ ಹಚ್ಚಲಿ. ಇರಬಿ ಬದಕಲಿ, ಕಪ್ಪಿ ಬದಕಲಿ, ನಿನ್ನ ಅಕ್ಕ ಮಾತ್ರ ಅಲ್ಲಿ ನಿನ್ನ ಮಾರಿ ನೋಡಲಾರದ ಸಾಯಲಿ."

ಅಪ್ಪ ಸಾಕ್ ಬಿಡು ಅಂದ. ನಾ ಇಕ್ಕಳ ತಗೊಂಡು, ಹಿಂದ ಮೊಣಕಾಲೂರಿ ಕುಂತು, ಪೈಪಿನೊಳಗ ಹಾಕಿ ಅರಿವಿ ಹಿಡದು ಜಗ್ಗಿದ್ನಿ. ಗಟ್ಟಿ ಕುಂತಿತ್ತು. ಹೊಳ್ಳಿಸಿ ಹೊಳ್ಳಿಸಿ ಜಗ್ಗಿದಾಗ ಬಂತು, ಹೊಗಿ ಹಿಡದು ಕರ್ರಗಾದ ಬಟ್ಟಿ, ಮೊಳದುದ್ದ. ಅದರ ಹಿಂದ ಟಪ್ ಅಂತ ಒಂದು ಕಪ್ಪಿ ಬಿತ್ತು. ಒಣಗಿ ಹಪ್ಪಳಾಗಿತ್ತು. ಮುಂಗಾಲು ಎರಡೂ ಎದಿಗೆ ಮಡಚಿತ್ತು, ಬಾಯಿ ಸಣ್ಣಗ ತೆರದಿತ್ತು. ಅವ್ವ ಅರಿವಿ ತುಂಬೂ ಮುಂದ ಅದು ಒಳಗ ಇತ್ತು. ಹೊರಗ ಬರಾಕ ಹಾದಿ ಇದ್ದಿದ್ದಿಲ್ಲ.

ನಾ ಬೈಯೂದು ನಿಂತು ಹೋತು. ಅವ್ವ ಕೆಳಗ ಕುಂತು ಅದನ್ನ ಅಂಗೈಯಾಗ ತಗೊಂಡ್ಲು. ಬಾಳೊತ್ತು ನೋಡಿದ್ಲು. ಅಪ್ಪಗ ಕಾಣವಲ್ದು, ಏನಾತು, ಏನ ಬಂತು ಅಂತ ಎರಡು ಸಲ ಕೇಳಿದ. ಅವ್ವ ಬೇವಿನ ಗಿಡದ ಬುಡಕ್ಕ ಹೋಗಿ, ಕೈಲೆ ಮಣ್ಣು ಕೆದರಿ ಅದನ್ನಿಟ್ಟು ಮುಚ್ಚಿ ಬಂದ್ಲು. ಕೈಯನ್ನೂ ತೊಳಕೊಳ್ಳಲಿಲ್ಲ. ಬಂದು ಸೀಟಿನ್ಯಾಗ ಕುಂತು, ಹೊಡಿ ಅಂದ್ಲು.

ಒಂದ ಸೆಲ್ಫಿಗೆ ಚಾಲೂ ಆತು. ಭುರ್ ಅಂತ ಕರೇ ಹೊಗಿ ಬಿಟ್ಟು, ಮೈಯೆಲ್ಲಾ ನಡುಗಿ, ಆಮ್ಯಾಲ ಚೊಲೋ ತಿರಗಾಕತ್ತಿತು. ನಾಕೂವರಿ ಆಗಿತ್ತು. ಡಾಕ್ಟರ ಮಾತು ಗಾಳಿಗೆ ತೂರಿ ಅಪ್ಪನೂ ಮುಂದಿನ ಸೀಟಿನ್ಯಾಗ ಹತ್ತಿದ, ಹಸರ ಅರಿವಿ ಮ್ಯಾಲ ಟಾವೆಲ್ ಒತ್ತಿ ಹಿಡಕೊಂಡು. ಹೊಡದ್ನಿ ನೋಡ್ರಿ ಅವತ್ತು. ಅಥಣಿ ಪ್ಯಾಟಿಯೊಳಗ ಸಂತಿ ಮುಗಿಸಿ ಹೊಂಟ ಮಂದಿ ಬೈದ್ರು, ಮರಾಠಿಯೊಳಗೂ ಬೈದ್ರು, ಕನ್ನಡದಾಗೂ ಬೈದ್ರು. ಕಬ್ಬಿನ ಗದ್ದಿ ಸಾಲಿನ ಮ್ಯಾಲ ಹೊತ್ತು ಬಲಕ್ಕ ಬರತಿತ್ತು, ಎಡಕ್ಕ ಹೋಗತಿತ್ತು, ಪ್ರತಿ ತಿರವಿಗೂ ಒಂದು ಗೇಣು ಕೆಳಗ.

ಮುಂದ ರೈಲ್ವೆ ಗೇಟು ಹಾಕಿತ್ತು. ಗಾಡಿ ಬಂದ್ ಮಾಡಾಕ ಧೈರ್ಯ ಇಲ್ಲ, ಮತ್ತ ಹಠಾ ಹಿಡದ್ರ ಗತಿ ಏನು. ಎಕ್ಸಿಲೇಟರ್ ಒತ್ಕೋತ, ಸ್ಟೇರಿಂಗ್ ಕುಟ್ಕೋತ ಕುಂತ್ನಿ. ಅಲ್ಲಿ ಅವ್ವ ಹಿಂದಿಂದ ಮಾತಾಡಿದ್ಲು. ಅಪ್ಪಗೋ, ನನಗೋ, ತನಗ ತಾನೋ.

"ಆವಾಗ ಜೇನ ಗೊತ್ತಿದ್ದು ತಿನಿಸಿದ್ನಿ. ಇದನ್ನ ಗೊತ್ತಿಲ್ಲದ ಕೊಂದ್ನಿ. ಅಕ್ಕ ಒಂದ ಮಾತು ಅಂದ್ಲು. ನಾ ಹದಿಮೂರು ವರ್ಷ ಅಕಿ ಬಾಯಿಗೆ ಅರಿವಿ ತುರಕಿದಂಗ ಮಾಡಿದ್ನಲ್ಲ. ಕ್ಷಮಾ ನಾನ ಕೇಳಬೇಕು."

ಅಪ್ಪ ಹಿಂದ ಕೈ ಚಾಚಿದ. ಅವ್ವ ಹಿಡದ್ಲೋ ಇಲ್ಲೋ ನಾ ನೋಡಲಿಲ್ಲ, ರೈಲು ಬಂತು. ನನಗ ಆವಾಗ ಬಾಯಿ ಬಿಟ್ಟು ಅಳಬೇಕು ಅನಿಸ್ತು. ಅಂದ ಮಾತು ಹೊಳ್ಳಿ ತಗೊಳ್ಳಾಕ ಬರತಿದ್ರ ಆ ಗೇಟಿನ ಮುಂದ ತಗೋತಿದ್ನಿ. ಬಾಯಿಲೆ ತಪ್ಪಾತಬೇ ಅನ್ನಾಕ ಅದ ಹಾಳು ಸೊಕ್ಕು ಬಿಡಲಿಲ್ಲ, ಯಾರ ಹೊಟ್ಟ್ಯಾಗ ಹುಟ್ಟೀನಿ ನಾನೂ.

ಬಸದಿ ಮುಂದ ಗಾಡಿ ನಿಂದ್ರಿಸಿದಾಗ ಹೊತ್ತು ಇನ್ನೂ ಇತ್ತು. ಇತ್ತು, ಕೆಂಪಗಿತ್ತು, ಗಿಡದ ತುದಿಗಿತ್ತು, ಆದ್ರ ಇತ್ತು. ಮುಟ್ಟಿದ್ವಿ ಅಂತ ನಾ ಅಪ್ಪನ ತೊಡಿ ಬಡದ್ನಿ. ದೊಡ್ಡವ್ವನ ಮಗ ಓಡಿ ಬಂದು ಅವ್ವನ ಕೈ ಹಿಡದು ಒಳಗ ಕರಕೊಂಡು ಹ್ವಾದ. ಖೋಲಿಯೊಳಗ ಹೆಣ್ಮಕ್ಕಳು ಸಣ್ಣ ದನಿಲೆ ಭಜನಿ ಹಾಡ್ತಿದ್ರು. ಅವ್ವನ ನೋಡಿ ನಿಂದ್ರಿಸಿದ್ರು, ಎದ್ದು ಹಾದಿ ಬಿಟ್ರು. ಚಾಪಿ ಮ್ಯಾಲ ದೊಡ್ಡವ್ವ ಗ್ವಾಡಿಗೆ ಒರಗಿ ಕುಂತಿದ್ಲು. ಲೋಟಾ ಬೋರಲ ಹಾಕಿದ ಆ ಧಡೂತಿ ಹೆಣ್ಮಗಳು ನನ್ನ ನೆನಪಿನ್ಯಾಗಿದ್ಲು, ಇಲ್ಲಿ ಬಿಳೀ ಸೀರಿಯೊಳಗ ಒಂದು ಹಿಡಿ ಎಲವು ಇತ್ತು. ಕಣ್ಣು ಮಾತ್ರ ಚುರುಕ. ಮೊದಲ ನನ್ನ ನೋಡಿದ್ಲು. ತುಟಿ ಒಡದಿದ್ವು, ದನಿ ಗಾಳಿಯಂಗ ಬರತಿತ್ತು. ಕೆಮ್ಮು ಹೋತಿಲ್ಲೊ ಅಂತ ಕೇಳಿದ್ಲು. ಹದಿಮೂರು ವರ್ಷದ ಹಿಂದಿನ ಕೆಮ್ಮು. ಹೋತ್ರಿ ದೊಡ್ಡವ್ವ ಅಂದ್ನಿ.

ಅವ್ವ ಅಕಿ ಮುಂದ ಕುಂತು ಪಾದಕ್ಕ ಹಣಿ ಹಚ್ಚಿದ್ಲು. ಕ್ಷಮಾ ಕೇಳಿಸ್ಕೊಳ್ಳಾಕ ಅಂತ ಮನಿ ಬಿಟ್ಟಿದ್ನಿ ಅಕ್ಕಾ, ಬೇಡಾಕ ಬಂದೀನಿ ಅಂತ ಅಂದ್ಲು. ಕಪ್ಪಿದೂ ಹೇಳಿದ್ಲು, ಅರಿವಿದೂ ಹೇಳಿದ್ಲು, ಜೇನಿಂದೂ ಹೇಳಿದ್ಲು, ಒಂದರ ಹಿಂದ ಒಂದು, ತಡವರಿಸಿ. ದೊಡ್ಡವ್ವ ಎಲ್ಲಾ ಕೇಳಿದ್ಲು. ಕಿಡಕಿಯಾಗಿನ ಬೆಳಕು ಗ್ವಾಡಿ ಮ್ಯಾಲಿಂದ ಸರದು ಅಕಿ ಹೆಗಲಿಗೆ ಬಂದಿತ್ತು. ಆಮ್ಯಾಲ ಅಕಿ ಒಂದೊಂದ ಮಾತಿಗೂ ನಿಂತು ನಿಂತು ಅಂದ್ಲು:

"ಕ್ಷಮಾ ಯಾವತ್ತೋ ಆಗೈತಿ ತಂಗಿ. ನಂದೂ ತಪ್ಪಿತ್ತು. ಬಾಯಿಲೆ ಕೇಳೂದು ಬ್ಯಾಡ, ಕಡೀ ನೀರು ನಿನ್ನ ಕೈಲೆ ಕುಡದು ಬಿಡಬೇಕಂತ ಮಾಡಿದ್ನಿ. ನಿನ್ನಿ ಬೊಗಸಿ ಒಡ್ಡಕೊಂಡು ಕುಂತಿದ್ನಿ. ಎಲ್ಲಾರೂ ಹಾಕಾಕ ಬಂದ್ರು. ತಂಗಿ ಬರ್ತಾಳ ಅಂದ್ನಿ. ಹೊತ್ತ ಮುಳಗಿತು. ಕುಡೀಲಾರದ ಬಿಟ್ನಿ."

ನಿನ್ನಿ ನಮ್ಮನ್ನ ತಡದದ್ದು ಕಾರಲ್ಲ. ಬಸ್ಸೂ ಹೊತ್ತಿಗೆ ಸರಿಯಾಗಿ ಬಂದು ಹೋಗಿತ್ತು. ನಿನ್ನಿ ಅವ್ವ ಮನ್ಯಾಗ ಕುಂತು ತಿಕ್ಕಿದ ಭಾಂಡೆ ಮತ್ತ ತಿಕ್ಕಿದ್ಲು.

ಅವ್ವ ಒಂದು ಸಲ ಮೂಲ್ಯಾಗಿನ ನೀರಿನ ಕೊಡದ ಕಡೆ ನೋಡಿದ್ಲು, ದೊಡ್ಡವ್ವ ಸಾವಕಾಶ ತಲಿ ಅಲ್ಲಾಡಿಸಿದ್ಲು, ಇಲ್ಲ ಅಂತ. ಬಿಟ್ಟ ನೀರು ಬಿಟ್ಟಂಗ. ಆಮ್ಯಾಲ ಅಕಿ ಎರಡೂ ಕೈ ಎತ್ತಿ, ಜೋಡಿಸಿ, ಬೊಗಸಿ ಮಾಡಿ ಅವ್ವನ ಮುಂದ ಹಿಡದ್ಲು. ಅವ್ವ ಅದರೊಳಗ ಮಾರಿ ಇಟ್ಟು ಅತ್ಲು. ಅಂಥಾ ಅಳು ನಾ ಮತ್ತ ಎಲ್ಲೂ ಕೇಳಿಲ್ಲ. ಹೊತ್ತು ಮುಳಗಿತು, ಯಾರೋ ಹೊರಗ ಗಂಟಿ ಬಾರಿಸಿದ್ರು, ಮೌನ ಸುರು ಆತು. ದೊಡ್ಡವ್ವ ಕೈ ತಗೀಲಿಲ್ಲ.